ಸಾಕಿದ ಕಪ್ಪೆಗೆ ಹೊರಗಿನ ಹುಳ: ಎಲ್ಲಿ ಹಿಡಿಯಬೇಕು, ಯಾವುದನ್ನು ಬಿಡಬೇಕು, ಹೇಗೆ ತಿನ್ನಿಸಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದಲ್ಲಿ ಪ್ಯಾಕ್‌ಮ್ಯಾನ್ ಕಪ್ಪೆ ಅಥವಾ ವೈಟ್ಸ್ ಮರಗಪ್ಪೆ ಸಾಕುವವರಿಗೆ ಮೊದಲು ಎದುರಾಗುವ ಕಷ್ಟ ಊಟದ್ದು. ಕಪ್ಪೆಗೆ ಅಲುಗಾಡುವ, ಜೀವ ಇರುವ ಹುಳ ಬೇಕು. ಅಂಗಡಿಯವರು ಕ್ರಿಕೆಟ್ ಅನ್ನುವ ಚಿಮ್ಮಂಡೆಗಳನ್ನು ದೊಡ್ಡ ಊರಿಂದ ಪಾರ್ಸೆಲ್ ತರಿಸಿದರೆ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಹಳಷ್ಟು ಡಬ್ಬಿಯಲ್ಲೇ ಸತ್ತಿರುತ್ತವೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಗುಡ್ಡದ ಹುಲ್ಲಿನಲ್ಲಿ ಕಾಲಿಟ್ಟಲ್ಲೆಲ್ಲ ಮಿಡತೆ ಹಾರುವಾಗ ಅವನ್ನೇ ಹಿಡಿದು ಹಾಕೋಣ ಅನ್ನಿಸುವುದು ಸಹಜ.

ಹಾಕಬಹುದು. ಹೊರಗಿನ ಹುಳ ಹತ್ತಾರು ಬಗೆಯ ಸೊಪ್ಪು ತಿಂದು ಬೆಳೆದಿರುತ್ತದೆ. ವರ್ಷಪೂರ್ತಿ ಒಂದೇ ಜಾತಿಯ ಚಿಮ್ಮಂಡೆ ತಿಂದ ಕಪ್ಪೆಗಿಂತ ನಾಲ್ಕಾರು ಬಗೆ ತಿಂದ ಕಪ್ಪೆ ಗಟ್ಟಿಯಾಗಿರುತ್ತದೆ. ಆದರೆ ನಮ್ಮ ಭಾಗ ತುಂಗಭದ್ರಾ ಕಾಲುವೆಯ ಅಚ್ಚುಕಟ್ಟು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತ, ಮಾನ್ವಿಯ ಹತ್ತಿ, ಕುರುಗೋಡು ಕಡೆಯ ಮೆಣಸಿನಕಾಯಿ, ಎಲ್ಲಕ್ಕೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುವ ಪ್ರಾಣಿ. ಅದಕ್ಕೆ ವಿಷ ಬಾಯಿಂದಲೂ ಹೋಗುತ್ತದೆ, ಮೈಯಿಂದಲೂ ಹೋಗುತ್ತದೆ. ಆದ್ದರಿಂದ ಯಾವ ಹುಳ ಎನ್ನುವುದಕ್ಕಿಂತ ಮೊದಲು ಆ ಹುಳ ಎಲ್ಲಿಂದ ಬಂತು ಎಂದು ಕೇಳಬೇಕು. ಇದಕ್ಕೆ ಉತ್ತರ ಗೊತ್ತಿಲ್ಲದ ಹುಳವನ್ನು ಕಪ್ಪೆಯ ಮುಂದೆ ಇಡಬಾರದು.

ಇಲ್ಲಿ ಹೇಳುತ್ತಿರುವುದೆಲ್ಲ ಸಾಕಲೆಂದೇ ಮರಿ ಮಾಡಿಸಿದ ಹೊರದೇಶದ ಕಪ್ಪೆಗಳ ಮಾತು. ಪ್ಯಾಕ್‌ಮ್ಯಾನ್ ದಕ್ಷಿಣ ಅಮೆರಿಕದ ಮೂಲದ್ದು, ವೈಟ್ಸ್ ಮರಗಪ್ಪೆ ಆಸ್ಟ್ರೇಲಿಯಾ, ನ್ಯೂಗಿನಿಯದ್ದು. ನಮ್ಮ ಗದ್ದೆಯ ದೊಡ್ಡ ಹಳದಿ ಗೂಳಿಗಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಪ್ಪೆ ಕಾಲಿನ ರಫ್ತನ್ನೇ 1987ರಲ್ಲಿ ನಿಲ್ಲಿಸಲಾಯಿತು. ಅದನ್ನು ಹಿಡಿದು ತಂದು ತೊಟ್ಟಿಯಲ್ಲಿ ಇಡಬೇಡಿ. ಭತ್ತದ ಹುಳ ತಿನ್ನಲು ಅದು ಗದ್ದೆಯಲ್ಲೇ ಇರಬೇಕು.

ಹುಳದ ವಿಳಾಸ

ರೆಕ್ಕೆ ಇರುವ ಹುಳ ಹಾರಿ ಬಂದಿರುತ್ತದೆ. ನೀವು ಹಿಡಿದ ಜಾಗ ಚೊಕ್ಕವಾಗಿದ್ದರೂ ಅದು ನಿನ್ನೆ ಯಾವ ಹೊಲದಲ್ಲಿತ್ತೋ ಹೇಳಲಾಗದು. ರೆಕ್ಕೆ ಬಾರದ ಮಿಡತೆ ಮರಿ ಹಾಗಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲೇ ಕುಪ್ಪಳಿಸಿಕೊಂಡು ಬೆಳೆಯುತ್ತದೆ. ಆ ನೆಲಕ್ಕೆ ಔಷಧಿ ಬಿದ್ದಿಲ್ಲವೆಂದರೆ ಅದರ ಹೊಟ್ಟೆಯಲ್ಲೂ ಇರುವ ಸಂಭವ ಕಡಿಮೆ. ಹೊರಗಿನ ಹುಳಗಳಲ್ಲಿ ನಾವು ಮೊದಲ ಸ್ಥಾನ ಕೊಡುವುದು ಇದಕ್ಕೇ. ಮೈ ಮೃದು, ಮುಳ್ಳು ಇನ್ನೂ ಗಟ್ಟಿಯಾಗಿರುವುದಿಲ್ಲ, ಗಾತ್ರವೂ ಕಪ್ಪೆಯ ಬಾಯಿಗೆ ಸರಿಹೋಗುತ್ತದೆ. ಬೆನ್ನ ಮೇಲೆ ಉದ್ದ ರೆಕ್ಕೆಯ ಬದಲು ಎರಡು ಚಿಕ್ಕ ಮೊಗ್ಗಿನಂಥ ಉಬ್ಬು ಮಾತ್ರ ಕಂಡರೆ ಅದು ಮರಿ.

ಜಾಗ ಆರಿಸುವಾಗ ಬೆಳೆಯನ್ನೇ ಬಿಟ್ಟುಬಿಡಿ. ಬೆಳೆ ಇಲ್ಲದ ಮಡ್ಡಿ, ಕಲ್ಲುಗುಡ್ಡದ ಬುಡದ ಹುಲ್ಲು, ವರ್ಷಗಟ್ಟಲೆ ಬೀಳುಬಿದ್ದ ಮಸಾರಿ ನೆಲ, ಔಷಧಿ ಹೊಡೆಯದ ನಿಮ್ಮದೇ ಹಿತ್ತಲು, ಇವು ಸರಿ. ಎಣ್ಣೆ ಹೊಡೆಯುವ ಹೊಲದಿಂದ ಕನಿಷ್ಠ ಅರ್ಧ ಕಿಲೋಮೀಟರ್ ದೂರ ಇರಲಿ. ಪವರ್ ಸ್ಪ್ರೇಯರಿನ ಮಂಜು ಗಾಳಿ ಬೀಸಿದತ್ತ ಹೋಗುತ್ತದೆ. ಗಾಳಿ ಸಾಗುವತ್ತ ಇರುವ ಬದುವಿನ ಹುಲ್ಲೂ ಹೊಲದಷ್ಟೇ ವಿಷವಾಗಿರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಸಜ್ಜೆ, ಹುರುಳಿ ಹೊಲಗಳಿಗೆ ಔಷಧಿ ಕಡಿಮೆ. ಅಲ್ಲಿಯೂ ಪಕ್ಕದಲ್ಲಿ ತೊಗರಿ ಇದ್ದರೆ ಹೂವಿನ ಹೊತ್ತಿಗೆ, ಅಂದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಕಾಯಿಕೊರಕಕ್ಕೆ ಹೊಡೆಯುತ್ತಾರೆ. ಹತ್ತಿಗೆ ಆಗಸ್ಟಿನಿಂದ ನವೆಂಬರ್‌ವರೆಗೆ ಬಿಡುವೇ ಇಲ್ಲ.

ಕೇಳುವುದಕ್ಕೆ ಸಂಕೋಚ ಬೇಡ. "ಅಣ್ಣಾರ, ಈ ಕಡಿಗೆ ಎಣ್ಣಿ ಹೊಡದು ಎಷ್ಟ ದಿನಾತ್ರೀ?" ಅಂದರೆ ರೈತರು ಯಾವ ಔಷಧಿ, ಯಾವ ವಾರ ಎನ್ನುವುದನ್ನೂ ಹೇಳುತ್ತಾರೆ. ಜೊತೆಗೆ ಬೀಜದ ವಿಚಾರವನ್ನೂ ಕೇಳಿ. ಬಿಟಿ ಹತ್ತಿ ಬೀಜ ಔಷಧಿ ಲೇಪ ಮಾಡಿಯೇ ಬರುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥವು ಬೇರಿನಿಂದ ಗಿಡದ ರಸಕ್ಕೆ ಏರುತ್ತವೆ. ಮೇಲೆ ಒಂದು ಹನಿ ಸಿಂಪಡಿಸದಿದ್ದರೂ ಎಳೆ ಗಿಡದ ಎಲೆ ತಿಂದ ಹುಳದ ಹೊಟ್ಟೆಗೆ ಅದು ಹೋಗಿರುತ್ತದೆ. "ಇನ್ನೂ ಹೊಡೆದಿಲ್ಲ" ಎಂಬ ಮಾತೊಂದೇ ಸಾಲದೆಂಬುದು ಇದಕ್ಕೇ.

ಊರೊಳಗೆ ಬೇರೆ ಅಪಾಯಗಳಿವೆ. ಡೆಂಗಿ ಕಾಲದಲ್ಲಿ ನಗರಸಭೆಯ ಹೊಗೆ ಯಂತ್ರ ಬಂದ ಬೀದಿಯ ಹುಳವನ್ನು ಒಂದೆರಡು ವಾರ ಮುಟ್ಟಬೇಡಿ. ಮನೆಯ ಜಿರಳೆ ಎಂದೆಂದಿಗೂ ಬೇಡ. ನೀವು ಚಾಕ್ ಎಳೆದಿಲ್ಲದಿದ್ದರೂ ಪಕ್ಕದ ಮನೆಯವರು ಜೆಲ್ ಇಟ್ಟಿರುತ್ತಾರೆ, ಜೆಲ್ ತಿಂದ ಜಿರಳೆ ಕೂಡಲೇ ಸಾಯದೆ ಮನೆಯಿಂದ ಮನೆಗೆ ಓಡಾಡುತ್ತದೆ. ಸಂಡೂರು, ತೋರಣಗಲ್ಲು ಕಡೆ ಎಲೆಯ ಮೇಲೆ ಅದಿರಿನ ಕೆಂಪು ಧೂಳು ಕೂತ ಜಾಗ, ಹೆದ್ದಾರಿಯ ಅಂಚು, ಚರಂಡಿ ಬದಿ, ಇವನ್ನೂ ಬಿಡಿ. ದರೋಜಿ ಕರಡಿಧಾಮದಂಥ ಅಭಯಾರಣ್ಯದಲ್ಲಿ, ಮೀಸಲು ಅರಣ್ಯದಲ್ಲಿ ಹುಳ ಹಿಡಿಯಲು ಹೋಗಬಾರದು.

ಕಾಲುವೆ ಅಂಚಿನ ಒದ್ದೆ ಹುಲ್ಲಿನಲ್ಲಿ ಹುಳ ಹೇರಳ, ಆದರೆ ಅಲ್ಲಿ ನಮ್ಮ ಕಾಡು ಕಪ್ಪೆಗಳೂ ಇರುತ್ತವೆ. ಕಪ್ಪೆಗಳ ಚರ್ಮದ ಶಿಲೀಂಧ್ರ, ವೈರಸ್ಸು ಒದ್ದೆ ಮಣ್ಣು, ನೀರಿನ ಹನಿಯ ಜೊತೆ ಮನೆ ಸೇರಬಹುದು. ಒಣ ನೆಲದ ಹುಳ ಹಿಡಿಯಿರಿ. ಕಾಲುವೆ ದಂಡೆಯಲ್ಲಿ ಓಡಾಡಿದ ಚಪ್ಪಲಿ, ಬಲೆಯನ್ನು ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ.

ಯಾವುದು ಆಗುತ್ತದೆ, ಯಾವುದು ಆಗದು

ಮಿಡತೆ ಮರಿ, ಹುಲ್ಲಿನ ಹಸಿರು ಮಿಡತೆ, ಚಿಮ್ಮಂಡೆ, ರೋಮ ಇಲ್ಲದ ಚಿಕ್ಕ ಪತಂಗ, ರೆಕ್ಕೆ ಗೆದ್ದಲು, ಇಷ್ಟಕ್ಕೇ ನಿಲ್ಲಿ. ಗುರುತು ಸಿಗದ ಹುಳವನ್ನು ಪರೀಕ್ಷೆಗೆಂದು ಕಪ್ಪೆಗೆ ಹಾಕಬೇಡಿ. ಕಪ್ಪೆ ನುಂಗಿದ ಮೇಲೆ ಯೋಚಿಸುವ ಪ್ರಾಣಿ, ಅಲುಗಿದ್ದನ್ನೆಲ್ಲ ಮೊದಲು ಬಾಯಿಗೆ ಹಾಕಿಕೊಳ್ಳುತ್ತದೆ.

ಒಂದು ನಿಯಮ ಬಹಳಷ್ಟನ್ನು ಕಾಯುತ್ತದೆ: ಕಡು ಬಣ್ಣದ, ಓಡಿಹೋಗಲು ಅವಸರ ಮಾಡದ ಹುಳವನ್ನು ಬಿಟ್ಟುಬಿಡಿ. ತಾನು ವಿಷ ಎಂದು ಅದು ಸಾರುತ್ತಿರುತ್ತದೆ. ನಮ್ಮ ಬಯಲಿನಲ್ಲಿ ಎಲ್ಲೆಲ್ಲೂ ಬೆಳೆಯುವ ಎಕ್ಕೆ ಗಿಡದ ಮೇಲೆ ಹಳದಿ ಮೈಗೆ ನೀಲಿ ಪಟ್ಟೆ ಬಳಿದ ದೊಡ್ಡ ಮಿಡತೆ ಗುಂಪಾಗಿ ಕೂತಿರುತ್ತದೆ. ಹಿಡಿಯಲು ಬಲು ಸುಲಭ, ಆದರೆ ಮುಟ್ಟಬೇಡಿ. ಎಕ್ಕೆಯ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷ ಇದೆ. ಆ ಮಿಡತೆ ಅದನ್ನು ತನ್ನ ಮೈಯಲ್ಲೇ ಕೂಡಿಡುತ್ತದೆ, ಒತ್ತಿದರೆ ಚಿಮ್ಮಿಸುತ್ತದೆ. ಎಕ್ಕೆಯ ಮೇಲಿನ ಪಟ್ಟೆ ಪಟ್ಟೆ ಚಿಟ್ಟೆಮರಿಯೂ ಅಷ್ಟೇ, ಕಣಗಿಲೆ ಗಿಡದ ಹುಳವೂ ಅಷ್ಟೇ. ಎಕ್ಕೆ ಹೆಚ್ಚಿರುವ ಬಯಲಿನಲ್ಲಿ ಬಲೆ ಬೀಸುವಾಗ ಗಿಡದ ಹತ್ತಿರ ಹೋಗದೆ ಹುಲ್ಲಿನ ಮೇಲಷ್ಟೇ ಬೀಸಿ.

ಹೆಸರು, ತೊಗರಿ ಹೂವು ತಿನ್ನುವ, ಕಪ್ಪು ಮೈಗೆ ಕಿತ್ತಳೆ ಪಟ್ಟೆ ಇರುವ ದುಂಬಿಯ ರಸ ಮೈಗೆ ತಗುಲಿದರೆ ಮನುಷ್ಯರಿಗೇ ಬೊಬ್ಬೆ ಏಳುತ್ತದೆ, ಕಪ್ಪೆಯ ಹೊಟ್ಟೆ ಸುಟ್ಟುಹೋದೀತು. ಮಿಂಚುಹುಳದ ವಿಷ ನೆಲಗಪ್ಪೆಯ ವಿಷದ ಬಳಗಕ್ಕೇ ಸೇರಿದ್ದು. ಒಂದೇ ಒಂದು ಮಿಂಚುಹುಳ ತಿಂದು ಸಾಕಿದ ಓತಿಗಳು ಸತ್ತ ದಾಖಲೆಗಳಿವೆ. ಮೊದಲ ಮಳೆಗೆ ಎರೆ ಹೊಲದಲ್ಲಿ ಹೊರಬರುವ ಮಖಮಲ್ಲಿನಂಥ ಕೆಂಪು ಹುಳ, ಕಂಬಳಿ ಹುಳ, ಭತ್ತದ ಗಂಧಿ ತಿಗಣೆ ಮತ್ತು ಗಬ್ಬು ನಾರುವ ಎಲ್ಲ ತಿಗಣೆ, ಗುಲಗಂಜಿ ದುಂಬಿ, ಇರುವೆ, ಕಣಜ, ಜೇನು, ಜರಿ, ಸಹಸ್ರಪದಿ, ಚೇಳು, ಒಂದೂ ಬೇಡ. ಗಟ್ಟಿ ಚಿಪ್ಪಿನ ದುಂಬಿ ವಿಷವಲ್ಲದಿದ್ದರೂ ಜೀರ್ಣವಾಗದೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಪರಾವಲಂಬಿಗಳ ಕಾರಣಕ್ಕೆ ಬಿಡಬೇಕಾದವು ಬಸವನಹುಳು ಮತ್ತು ಕೆರೆ ಮೇಲೆ ಹಾರುವ ಉದ್ದ ಬಾಲದ ಡ್ರ್ಯಾಗನ್‌ಫ್ಲೈ. ಕಪ್ಪೆಯ ಶ್ವಾಸಕೋಶ ಸೇರುವ ಚಪ್ಪಟೆ ಹುಳದ ಬಾಳು ಇವೆರಡರ ಮೂಲಕವೇ ಸಾಗುವುದು. ತೋಟದ ಎರೆಹುಳುವಿನಿಂದಲೂ ಶ್ವಾಸಕೋಶದ ದುಂಡು ಹುಳ ಬರಬಹುದು. ಎರೆಹುಳು ಕೊಡಲೇಬೇಕೆಂದರೆ ಗೊಬ್ಬರದ ತೊಟ್ಟಿಯಲ್ಲಿ ಸಾಕಿದ್ದು ತನ್ನಿ. ಅದರಲ್ಲೂ ನೇರಳೆ ಮಿಂಚಿನ ದಪ್ಪ ಯೂಡ್ರಿಲಸ್ ತಳಿ ಒಳ್ಳೆಯದು. ಪಟ್ಟೆ ಪಟ್ಟೆಯ ಕೆಂಪು ಐಸೀನಿಯಾ ತಳಿ ಕಹಿ ರಸ ಬಿಡುವುದರಿಂದ ಕಪ್ಪೆ ಉಗುಳಿಬಿಡುತ್ತದೆ.

ಹತ್ತಿರದಲ್ಲಿ ರೇಷ್ಮೆ ಸಾಕುವವರಿದ್ದರೆ ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ, ಹುಳವನ್ನು ಕೇಳಿ ತನ್ನಿ. ಸೊಪ್ಪಿನಲ್ಲಿ ಕೀಟನಾಶಕ ಇದ್ದಿದ್ದರೆ ರೇಷ್ಮೆ ಹುಳವೇ ಮೊದಲು ಸಾಯುತ್ತಿತ್ತು, ಹಾಗಾಗಿ ಇದಕ್ಕಿಂತ ನಂಬಿಕೆಯ ಹುಳ ನಮ್ಮಲ್ಲಿ ಸಿಗುವುದು ಕಷ್ಟ. ಹಾಲುತೊಂಡೆ ರೋಗ ಬಂದು ಬಿಸಾಡಿದ ಹುಳ ಬೇಡ. ಹಾಸಿಗೆಗೆ ಸುಣ್ಣ ಅಥವಾ ಸೋಂಕು ನಿವಾರಕ ಪುಡಿ ಎರಚಿದ್ದರೆ, ಒಂದು ದಿನ ಚೊಕ್ಕ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಟ್ಟು ಆಮೇಲೆ ಕೊಡಿ.

ಹಿಡಿಯುವುದು

ಬಲೆಗೆ ಬೇಕಾದದ್ದು 6 ಎಂಎಂ ಕಂಬಿಯಿಂದ ಬಾಗಿಸಿದ 30 ಸೆಂಟಿಮೀಟರ್ ಅಗಲದ ಬಳೆ, ಸೊಳ್ಳೆಪರದೆ ಬಟ್ಟೆಯ 60 ಸೆಂಟಿಮೀಟರ್ ಆಳದ ಚೀಲ, ಒಂದು ಮೀಟರ್ ಬಿದಿರು. ಚೀಲದ ಬಾಯಿಯ ಅಂಚಿಗೆ ಮಾತ್ರ ದಪ್ಪ ಬಟ್ಟೆ ಹೊಲಿಸಿ, ಇಲ್ಲದಿದ್ದರೆ ಮುಳ್ಳಿಗೆ ಸಿಕ್ಕಿ ಎರಡೇ ದಿನಕ್ಕೆ ಹರಿಯುತ್ತದೆ. ಚೀಲದ ಆಳ ಮುಖ್ಯ. ಬೀಸಿದ ಮೇಲೆ ಬಳೆಯನ್ನು ತಿರುವಿದರೆ ಚೀಲ ಮಡಚಿ ಬಾಯಿ ಮುಚ್ಚಬೇಕು. ಆಳ ಕಡಿಮೆಯಾದರೆ ಮಿಡತೆಗಳೆಲ್ಲ ಹಾರಿಹೋಗುತ್ತವೆ.

ಬೆಳಿಗ್ಗೆ ಆರರಿಂದ ಏಳೂವರೆ ಒಳ್ಳೆಯ ಹೊತ್ತು. ರಾತ್ರಿಯ ತಂಪಿಗೆ ಮಿಡತೆ ಮರಗಟ್ಟಿರುತ್ತದೆ, ಹುಲ್ಲಿನ ತುದಿಯಲ್ಲೇ ಕೂತಿರುತ್ತದೆ. ಹುಲ್ಲಿನ ಮೇಲ್ಭಾಗಕ್ಕೆ ತಾಗುವಂತೆ ಎಡಕ್ಕೆ ಬಲಕ್ಕೆ ಹತ್ತು ಬೀಸು ಬೀಸಿ, ಚೀಲ ಮಡಚಿ, ತಲೆಕೆಳಗಾಗಿ ಪ್ಲಾಸ್ಟಿಕ್ ಬಾಟಲಿಗೆ ಕೊಡವಿ. ಬಾಟಲಿಯಲ್ಲಿ ಕೂರಲು ನಾಲ್ಕು ಒಣ ಹುಲ್ಲಿನ ಕಡ್ಡಿ ಸಾಕು. ಬಾಟಲಿಯನ್ನು ಒದ್ದೆ ಬಟ್ಟೆಯ ಚೀಲದಲ್ಲಿ ನೆರಳಿಗಿಡಿ. ಬೈಕಿನ ಟ್ಯಾಂಕಿನ ಮೇಲೆ ಬಿಸಿಲಿನಲ್ಲಿ ಇಟ್ಟರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲವೂ ಬೆಂದಿರುತ್ತವೆ. ಅಷ್ಟೂ ಸತ್ತರೆ ಬಿಸಿಲಿಗೋ ವಿಷಕ್ಕೋ ಎಂದು ತಿಳಿಯುವ ದಾರಿಯೂ ಹೋಗುತ್ತದೆ.

ಚಿಮ್ಮಂಡೆಗೆ ಬಲೆ ಬೇಡ. ಅಂಚು ನೆಲಕ್ಕೆ ಸಮವಾಗುವಂತೆ ಒಂದು ನುಣುಪು ಲೋಟ ಹೂತು, ತಳಕ್ಕೆ ಚಮಚೆ ಜೋಳದ ಹಿಟ್ಟು, ಬೆಲ್ಲದ ಚೂರು ಹಾಕಿ, ಮೇಲೆ ಎರಡು ಕಲ್ಲಿನ ಆಸರೆಯಲ್ಲಿ ಹಲಗೆ ಮುಚ್ಚಿ. ಬೆಳಕು ಹರಿಯುವ ಮೊದಲೇ ಹೋಗಿ ತೆಗೆಯಿರಿ, ಇಲ್ಲದಿದ್ದರೆ ಇರುವೆ ಮುತ್ತಿರುತ್ತದೆ.

ದೀಪದ ಬಲೆಯ ಬಗ್ಗೆ ಎಚ್ಚರ. ಬಿಳಿ ಬಟ್ಟೆ ಕಟ್ಟಿ ಹಿಂದೆ 9 ವ್ಯಾಟಿನ ಬಲ್ಬ್ ಹಾಕಿದರೆ ಅರ್ಧ ತಾಸಿನಲ್ಲಿ ಬಟ್ಟೆ ತುಂಬುತ್ತದೆ, ಆದರೆ ಬಂದದ್ದೆಲ್ಲ ರೆಕ್ಕೆಯ ಹುಳ, ಯಾವುದಕ್ಕೂ ವಿಳಾಸ ಇಲ್ಲ. ಗಂಗಾವತಿ, ಸಿಂಧನೂರಿನಂಥ ಕಡೆ ದೀಪಕ್ಕೆ ಬರುವುದು ಗದ್ದೆಯಿಂದಲೇ. ಅದರ ಜೊತೆ ಇನ್ನೊಂದು ಕೆಟ್ಟ ಅತಿಥಿಯೂ ಬರುತ್ತದೆ: ಇರುವೆಯಂತೆ ಸಣಕಲು, ಮುಕ್ಕಾಲು ಸೆಂಟಿಮೀಟರ್ ಉದ್ದ, ಕಿತ್ತಳೆ ಮತ್ತು ಕಪ್ಪು ಪಟ್ಟೆ, ನಡುವೆ ನೀಲಿ ಮಿಂಚಿನ ಗಿಡ್ಡ ರೆಕ್ಕೆ. ಕೈಯಲ್ಲಿ ಹೊಸಕಿದರೆ ಮರುದಿನ ಸುಟ್ಟಂಥ ಗುಳ್ಳೆ ಎದ್ದೇಳುತ್ತದೆ. ಪತಂಗದ ರಾಶಿಯಲ್ಲಿ ಇದೊಂದು ಸೇರಿಕೊಂಡು ಕಪ್ಪೆಯ ಬಾಯಿಗೆ ಹೋದರೆ ಕಷ್ಟ. ದೀಪ ಹಾಕುವುದಾದರೆ ಸುತ್ತ ಗದ್ದೆ, ಹೊಲ ಇಲ್ಲದ ಕಡೆ ಹಾಕಿ, ಒಂದೊಂದೇ ಪತಂಗವನ್ನು ಲೋಟದಿಂದ ಮುಚ್ಚಿ ಆರಿಸಿಕೊಳ್ಳಿ.

ಮಿರಗದ ಮಳೆ ಬಿದ್ದ ಸಂಜೆ ಏಳುವ ರೆಕ್ಕೆ ಗೆದ್ದಲಿಗೂ ಇದೇ ಮಾತು. ದೀಪದ ಕೆಳಗೆ ಬಿದ್ದದ್ದು ಬೇಡ, ಅದು ಔಷಧಿ ಹಾಕಿದ ಯಾರದೋ ಮನೆಯ ಪಾಯದಿಂದ ಎದ್ದಿರಬಹುದು. ಬೆಳೆ ಇಲ್ಲದ ನೆಲದ ಹುತ್ತದ ತೂತಿನಿಂದ ಹೊರಬರುವಾಗಲೇ ತೂತಿನ ಮೇಲೆ ಬಾಟಲಿ ಕವುಚಿ ಹಿಡಿದರೆ ವಿಳಾಸ ಕಣ್ಣ ಮುಂದೆಯೇ ಇರುತ್ತದೆ. ಗೆದ್ದಲು ಬರೀ ಕೊಬ್ಬು. ದೊಡ್ಡ ವೈಟ್ಸ್ ಕಪ್ಪೆಗೆ ವಾರಕ್ಕೊಮ್ಮೆ ಎಂಟು ಹತ್ತು ಸಾಕು.

ಎರಡು ದಿನ ಕಾಯುವುದು

ಹಿಡಿದ ಹುಳವನ್ನು ಅದೇ ದಿನ ಹಾಕಬೇಡಿ. 20 ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಅಂಗೈ ಅಗಲ ಕತ್ತರಿಸಿ ಸ್ಟೀಲ್ ಜಾಲರಿ ಅಂಟಿಸಿ. ನೈಲಾನ್ ಪರದೆಯನ್ನು ಚಿಮ್ಮಂಡೆ ಒಂದೇ ರಾತ್ರಿಯಲ್ಲಿ ಕಡಿದು ಹೊರಬರುತ್ತದೆ. ಒಳಗೆ ಮೊಟ್ಟೆಯ ಟ್ರೇ ನಿಲ್ಲಿಸಿ, 20 ಹುಳ ಎಣಿಸಿ ಬಿಡಿ, 48 ತಾಸು ನೋಡಿ.

ಎಣಿಕೆ ಇಲ್ಲದಿದ್ದರೆ ಈ ಕಾಯುವಿಕೆಗೆ ಅರ್ಥವಿಲ್ಲ. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಸತ್ತರೆ, ಅಥವಾ ಒಂದಾದರೂ ಅಂಗಾತ ಬಿದ್ದು ಕಾಲು ಅದುರಿಸುತ್ತಿದ್ದರೆ, ಬಲೆಗೆ ಬಿದ್ದ ಅಷ್ಟನ್ನೂ ಬಿಸಾಡಿ, ಆ ಜಾಗಕ್ಕೆ ಆ ವರ್ಷ ಮತ್ತೆ ಹೋಗಬೇಡಿ. ಕಾಲು ಅದುರುವುದು ನರಕ್ಕೆ ಹೊಡೆಯುವ ಕೀಟನಾಶಕದ ಗುರುತು. ಎಲ್ಲವೂ ಬದುಕಿದವೆಂದು ಪೂರ್ತಿ ನಿಶ್ಚಿಂತೆಯೂ ಬೇಡ. ಔಷಧಿಗೆ ಒಗ್ಗಿಹೋದ ಹುಳ ವಿಷವನ್ನು ಮೈಯಲ್ಲಿಟ್ಟುಕೊಂಡೇ ಓಡಾಡುತ್ತದೆ. ಅದಕ್ಕೇ ಜಾಗದ ಆಯ್ಕೆ ಮೊದಲು, ಡಬ್ಬಿ ಆಮೇಲೆ. ಫ್ರೀಜರಿನಲ್ಲಿಟ್ಟರೆ ವಿಷ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ, ಹೋಗುವುದಿಲ್ಲ.

ಈ ಎರಡು ದಿನ ಹುಳಕ್ಕೆ ಒಳ್ಳೆಯ ಊಟ ಹಾಕಿ, ಅದು ನಾಳೆ ಕಪ್ಪೆಯ ಊಟ. ನಿಮ್ಮ ಹಿತ್ತಲಿನ ನುಗ್ಗೆ ಸೊಪ್ಪು ಎಲ್ಲಕ್ಕಿಂತ ಮೇಲು, 100 ಗ್ರಾಂನಲ್ಲಿ ಸುಮಾರು 440 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. ಒಣ ಹಿಟ್ಟಿಗೆ ರಾಗಿ, ಅದರಲ್ಲಿ ಸುಮಾರು 340 ಮಿಲಿಗ್ರಾಂ. ನೀರಿನಂಶಕ್ಕೆ, ಜೊತೆಗೆ ಎ ಜೀವಸತ್ವಕ್ಕೆ ಗಜ್ಜರಿ ಹೋಳು. ಪಾಲಕ್ ಬೇಡ, ಅದರ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಸಂತೆಯ ಕೊತ್ತಂಬರಿ, ಮೆಂತ್ಯವನ್ನು ತೊಳೆದರೂ ಔಷಧಿ ಉಳಿದಿರುವ ಸಾಧ್ಯತೆ ಇರುವುದರಿಂದ ನಾವು ಬಳಸುವುದಿಲ್ಲ.

ಪುಡಿ, ಗಾತ್ರ, ಲೆಕ್ಕ

ಮಿಡತೆ, ಚಿಮ್ಮಂಡೆ ಎರಡರಲ್ಲೂ ರಂಜಕ ಹೆಚ್ಚು, ಸುಣ್ಣದಂಶ ಬಹಳ ಕಡಿಮೆ. ಕಪ್ಪೆಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಸುಣ್ಣದಂಶ. ಪುಡಿ ಹಚ್ಚದೆ ಬರೀ ಹುಳ ಹಾಕುತ್ತ ಹೋದರೆ ಕೆಲವು ತಿಂಗಳಲ್ಲಿ ಕೆಳದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಹಿಂಗಾಲು ಬಾಗುತ್ತದೆ, ಬೆರಳು ಅದುರುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗದು.

ರಂಜಕ ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತರಿಸಿಕೊಳ್ಳಿ. ಸಿಗುವ ತನಕ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಳಪೊರೆ ತೆಗೆದು, ಒಣಗಿಸಿ, ಮೈದಾದಷ್ಟು ನುಣ್ಣಗೆ ಬೀಸಿ ಬಟ್ಟೆಯಲ್ಲಿ ಸೋಸಿದರೆ ಅದೂ ಅದೇ ವಸ್ತು. ಡಿ3 ಜೀವಸತ್ವ ಅದರಲ್ಲಿ ಇರುವುದಿಲ್ಲ, ಡಿ3 ಇರುವ ಪುಡಿಯನ್ನು ವಾರಕ್ಕೊಮ್ಮೆ ಬೇರೆಯಾಗಿ ಹಚ್ಚಬೇಕು. ಎಲೆ ಅಡಿಕೆಯ ಸುಣ್ಣವನ್ನು ಎಂದಿಗೂ ಹಚ್ಚಬೇಡಿ. ಅದು ಕಾರ್ಬೊನೇಟ್ ಅಲ್ಲ, ಕಪ್ಪೆಯ ಬಾಯಿ, ಚರ್ಮ ಎರಡನ್ನೂ ಸುಡುತ್ತದೆ. ದನಕ್ಕೆ ಕೊಡುವ ಖನಿಜ ಮಿಶ್ರಣವೂ ಬೇಡ, ಅದರಲ್ಲಿ ರಂಜಕ, ತಾಮ್ರ ಎರಡೂ ಇವೆ. ರೆಟಿನಾಲ್ ರೂಪದ ಎ ಜೀವಸತ್ವ ಇರುವ ಮಲ್ಟಿವಿಟಮಿನ್ ಪುಡಿ ಹದಿನೈದು ದಿನಕ್ಕೊಮ್ಮೆ ಸಾಕು.

ಹುಳಗಳನ್ನು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟು ಮಂದ ಮಾಡಿ, ಚಿಟಿಕೆ ಪುಡಿ ಇರುವ ಜಿಪ್ ಕವರಿಗೆ ಹಾಕಿ ಮೆಲ್ಲಗೆ ಅಲುಗಿಸಿ, ಕೂಡಲೇ ಕಪ್ಪೆಗೆ ಕೊಡಿ. ತಡಮಾಡಿದರೆ ಚಿಮ್ಮಂಡೆ ತನ್ನ ಮೈಯನ್ನು ತಾನೇ ಒರೆಸಿ ಪುಡಿ ಉದುರಿಸುತ್ತದೆ. ದೊಡ್ಡ ಮಿಡತೆಯ ಹಿಂಗಾಲಿನ ಗರಗಸದಂಥ ಮುಳ್ಳು ಗಂಟಲು ಗೀರುತ್ತದೆ. ತೊಡೆಯನ್ನು ಚಿಮಟಿಗೆಯಿಂದ ಗಟ್ಟಿಯಾಗಿ ಹಿಡಿದರೆ ಮಿಡತೆ ತಾನಾಗಿಯೇ ಕಾಲು ಕಳಚಿ ಬಿಡುತ್ತದೆ, ಕೀಳುವ ಕೆಲಸವೇ ಇಲ್ಲ.

ಹುಳದ ಅಗಲ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಪ್ಯಾಕ್‌ಮ್ಯಾನ್ ಇದಕ್ಕಿಂತ ದೊಡ್ಡದನ್ನೂ ನುಂಗುತ್ತದೆ, ನುಂಗಿದ್ದು ಜೀರ್ಣವಾಗುತ್ತದೆ ಎನ್ನುವಂತಿಲ್ಲ. 4 ಸೆಂಟಿಮೀಟರಿಗಿಂತ ಚಿಕ್ಕ ಪ್ಯಾಕ್‌ಮ್ಯಾನ್‌ಗೆ ದಿನ ಬಿಟ್ಟು ದಿನ ಮೂರು ನಾಲ್ಕು ಮರಿ ಮಿಡತೆ, ಬೆಳೆದದ್ದಕ್ಕೆ ಏಳರಿಂದ ಹತ್ತು ದಿನಕ್ಕೊಮ್ಮೆ ಮೂರು ನಾಲ್ಕು ದೊಡ್ಡವು. ಬೆಳೆದ ವೈಟ್ಸ್ ಮರಗಪ್ಪೆಗೆ ವಾರಕ್ಕೆ ಎರಡು ಸಲ, ಸಲಕ್ಕೆ ಐದಾರು. ಅದರ ಕಣ್ಣಿನ ಮೇಲಿನ ಮಡಿಕೆ ಜೋತು ಕಣ್ಣು ಮುಚ್ಚತೊಡಗಿದರೆ ಊಟ ಅರ್ಧಕ್ಕೆ ಇಳಿಸಿ. ಹೊರಗಿನ ಹುಳ ಒಟ್ಟು ಊಟದ ಮೂರನೇ ಒಂದು ಪಾಲು ದಾಟದಿರಲಿ. ಮನೆಯಲ್ಲಿ ಕಪ್ಪೆ ಹಲವಿದ್ದರೆ ಹೊಸ ಜಾಗದ ಹುಳವನ್ನು ಎಲ್ಲಕ್ಕೂ ಒಟ್ಟಿಗೆ ಕೊಡದೆ, ಒಂದಕ್ಕೆ ಒಂದೇ ಹುಳ ಕೊಟ್ಟು ಎರಡು ದಿನ ಕಾಯಿರಿ.

ಕೊಡುವುದು ಕತ್ತಲಾದ ಮೇಲೆ. ಅರ್ಧ ತಾಸಿನಲ್ಲಿ ತಿನ್ನದೆ ಉಳಿದದ್ದನ್ನು ಹೊರಗೆ ತೆಗೆಯಿರಿ. ಹಸಿದ ಚಿಮ್ಮಂಡೆ ಸುಮ್ಮನೆ ಕೂತ ಕಪ್ಪೆಯ ಬೆರಳು, ಕಣ್ಣಿನ ಅಂಚನ್ನು ಕಡಿಯುತ್ತದೆ, ಗಾಯ ಕೀವಾಗುತ್ತದೆ. ತೊಟ್ಟಿಯ ಒಳಗೆ 30 ಡಿಗ್ರಿ ದಾಟಿದ ದಿನ ಊಟವನ್ನೇ ಹಾಕಬೇಡಿ. ಬಿಸಿಲಿಗೆ ಬಳಲಿದ ಕಪ್ಪೆಯ ಹೊಟ್ಟೆಯಲ್ಲಿ ಹುಳ ಜೀರ್ಣವಾಗದೆ ಕೊಳೆಯುತ್ತದೆ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವಾಗ, ತೊಟ್ಟಿ ತಂಪಾಗುವ ಬೆಳಗಿನ ಜಾವವೇ ಊಟದ ಹೊತ್ತು.

ಕೆಟ್ಟಾಗ ಕಾಣುವ ಗುರುತುಗಳು

ಕೆಟ್ಟದ್ದನ್ನು ನುಂಗಿದ ಕಪ್ಪೆ ಬಾಯಿ ಅಗಲಿಸಿ ಹೊಟ್ಟೆಯ ಚೀಲವನ್ನೇ ಒಳಗು ಹೊರಗಾಗಿ ಹೊರಗೆ ಹಾಕುತ್ತದೆ. ಗುಲಾಬಿ ಬಣ್ಣದ ಚೀಲ ಬಾಯಿಂದ ಜೋತಾಡುತ್ತದೆ, ಮುಂಗೈಯಿಂದ ಅದನ್ನು ಒರೆಸಿ ಶುಚಿ ಮಾಡಿ ಮತ್ತೆ ನುಂಗುತ್ತದೆ. ಮೊದಲ ಬಾರಿ ನೋಡಿದವರು ಕರುಳು ಹೊರಬಂತೆಂದು ಗಾಬರಿಯಾಗಿ ಒಳಗೆ ತಳ್ಳಲು ಹೋಗುತ್ತಾರೆ. ಮುಟ್ಟಬೇಡಿ. ತಾನಾಗಿ ಒಳಗೆ ಹೋಗುತ್ತದೆ. ಉಗುಳಿದ ಹುಳವನ್ನು ಮಾತ್ರ ತೆಗೆದು ಡಬ್ಬಿಯಲ್ಲಿಡಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.

ತಿಂದು ಕೆಲವು ತಾಸಿನೊಳಗೆ ಮೈ ಅದುರುವುದು, ಹಿಂಗಾಲು ಸೆಟೆದು ಹಿಂದಕ್ಕೆ ಚಾಚುವುದು, ಅಂಗಾತ ಮಾಡಿದರೆ ಮಗುಚಿಕೊಳ್ಳಲಾಗದಿರುವುದು ಕೀಟನಾಶಕದ ಗುರುತು. ಕ್ಲೋರಿನ್ ಬಿಟ್ಟುಹೋದ ನೀರನ್ನು, ಅಂದರೆ ಒಂದು ದಿನ ತೆರೆದಿಟ್ಟ ನೀರನ್ನು, ಮೂಗು ಮುಳುಗದಷ್ಟು ತಟ್ಟೆಯಲ್ಲಿ ಹಾಕಿ ಕಪ್ಪೆಯನ್ನು ಕೂರಿಸಿ, ಬದಲಿಸುತ್ತ ಇರಿ. ಹಾಲು, ಎಣ್ಣೆ, ಉಪ್ಪು ಏನೂ ಕುಡಿಸಬೇಡಿ. ಪಶು ಆಸ್ಪತ್ರೆಗೆ ಹೋಗುವಾಗ ಹುಳ ಹಿಡಿದ ಹೊಲಕ್ಕೆ ಹೊಡೆದ ಔಷಧಿಯ ಹೆಸರು ಗೊತ್ತಿದ್ದರೆ ಬರೆದುಕೊಂಡು ಹೋಗಿ. ಮೊನೊಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್ ಗುಂಪಿನ ವಿಷಕ್ಕೆ ಅಟ್ರೋಪಿನ್ ಎಂಬ ಮದ್ದಿದೆ, ಕಾರ್ಬಮೇಟ್ ಗುಂಪಿಗೂ ಅದೇ, ಉಳಿದ ಗುಂಪಿನ ವಿಷಕ್ಕೆ ಅದು ನಾಟದು.

ನಾಲಗೆ ಚಾಚುತ್ತದೆ, ಹುಳ ಅಂಟಿಕೊಳ್ಳುವುದಿಲ್ಲ, ಮತ್ತೆ ಮತ್ತೆ ಗುರಿ ತಪ್ಪುತ್ತದೆ ಎಂದರೆ ಎ ಜೀವಸತ್ವದ ಕೊರತೆ. ನಾಲಗೆಯ ಅಂಟು ಹೋಗಿರುತ್ತದೆ. ಚೆನ್ನಾಗಿ ತಿಂದರೂ ಬೆನ್ನುಮೂಳೆ ಎದ್ದು ಕಾಣುತ್ತಿದ್ದರೆ ಪರಾವಲಂಬಿ. ಹೊರಗಿನ ಹುಳ ಕೊಡುವವರು ಆರು ತಿಂಗಳಿಗೊಮ್ಮೆ ಹಸಿ ಮಲವನ್ನು ಎರಡು ಹನಿ ನೀರಿನ ಜೊತೆ ಚೊಕ್ಕ ಡಬ್ಬಿಯಲ್ಲಿ ಅದೇ ದಿನ ಪರೀಕ್ಷೆಗೆ ಕೊಡಬೇಕು. ನಮ್ಮ ಜಿಲ್ಲೆಗಳ ಆಸ್ಪತ್ರೆಯಲ್ಲಿ ಆಗದಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜನ್ನು ಕೇಳಬಹುದು. ಕುರಿ ಮೇಕೆಯ ಜಂತಿನ ಔಷಧಿಯನ್ನು ಅಂದಾಜಿನಲ್ಲಿ ಹಾಕುವುದು ಬೇಡ. 30 ಗ್ರಾಂ ತೂಗುವ ಕಪ್ಪೆಗೆ ಒಂದು ಹನಿ ಹೆಚ್ಚಾದರೂ ಪ್ರಾಣಕ್ಕೆ ಬರುತ್ತದೆ.

ಹಿಡಿದದ್ದನ್ನು ಬಿತ್ತನೆಗೆ ಇಟ್ಟುಕೊಳ್ಳುವುದು

ಹೊರಗಿನ ಹುಳದ ಅತ್ಯುತ್ತಮ ಬಳಕೆ ತಿನ್ನಿಸುವುದಲ್ಲ, ಅದರ ಮರಿ ಮಾಡಿಸುವುದು. ಮನೆಯಲ್ಲಿ ಹುಟ್ಟಿದ ಮರಿಗೆ ಪಕ್ಕಾ ವಿಳಾಸವಿದೆ, ತಿಂದ ಊಟ ನಿಮಗೆ ಗೊತ್ತು, ಹೊರಗಿನ ಬಹುಪಾಲು ಪರಾವಲಂಬಿಗಳ ಸರಪಳಿಯೂ ಅಲ್ಲಿಗೆ ಕಡಿಯುತ್ತದೆ.

ಲೋಟಕ್ಕೆ ಬೀಳುವ ಕಪ್ಪು ದಪ್ಪ ಚಿಮ್ಮಂಡೆಯ ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ ಇದ್ದರೆ ಅದೇ ಸಾಕಲು ಬೇಕಾದ ಜಾತಿ. ಹಿಂದೆ ಸೂಜಿಯಂಥ ಉದ್ದ ಕೊಳವೆ ಇರುವುದು ಹೆಣ್ಣು, ಹಾಡುವುದು ಗಂಡು. 20 ಲೀಟರಿನ ಡಬ್ಬಿಗೆ ಮೂರು ಹೆಣ್ಣಿಗೆ ಒಂದು ಗಂಡಿನಂತೆ ನಲವತ್ತರವರೆಗೆ ಬಿಡಿ. ಹೆಚ್ಚಾದರೆ ಒಂದನ್ನೊಂದು ತಿನ್ನುತ್ತವೆ. ಮೊಟ್ಟೆಗೆ 5 ಸೆಂಟಿಮೀಟರ್ ಆಳದ ಚಿಕ್ಕ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ ಅಥವಾ ಮರಳು ತುಂಬಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಮಾಡಿ, ಮೇಲೆ ಜಾಲರಿ ಮುಚ್ಚಿ. ಹೆಣ್ಣಿನ ಕೊಳವೆ ಜಾಲರಿ ದಾಟಿ ಇಳಿಯುತ್ತದೆ, ಉಳಿದವು ಮೊಟ್ಟೆ ತೋಡಿ ತಿನ್ನಲಾಗುವುದಿಲ್ಲ. ಮೂರು ದಿನಕ್ಕೆ ಆ ಡಬ್ಬಿ ತೆಗೆದು ಬೇರೆ ಪೆಟ್ಟಿಗೆಯಲ್ಲಿಡಿ. 28ರಿಂದ 30 ಡಿಗ್ರಿಯಲ್ಲಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಎಳ್ಳಿನಷ್ಟು ಮರಿ ಹೊರಬರುತ್ತವೆ. ಈ ಗಾತ್ರದಲ್ಲೇ ಅವು ಎಳೆ ಮರಗಪ್ಪೆಗೆ ಸರಿ. ನೀರನ್ನು ಬಟ್ಟಲಲ್ಲಿಟ್ಟರೆ ಮುಳುಗಿ ಸಾಯುತ್ತವೆ, ಒದ್ದೆ ಹತ್ತಿ ಇಟ್ಟು ದಿನಾ ಬದಲಿಸಿ. ಆರೇಳು ವಾರಕ್ಕೆ ದೊಡ್ಡವಾಗುತ್ತವೆ.

ಬೇಸಿಗೆಯಲ್ಲಿ ಎಡವುವುದು ಮೊಟ್ಟೆಯ ಡಬ್ಬಿಯಲ್ಲೇ. ನಮ್ಮ ಒಣ ಗಾಳಿಗೆ ಮೇಲ್ಪದರ ಅರ್ಧ ದಿನದಲ್ಲಿ ಒಣಗಿ ಮೊಟ್ಟೆ ಸುಕ್ಕುಗಟ್ಟುತ್ತದೆ. ಹಾಗೆಂದು ನೀರು ಸುರಿದರೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯ ಮುಚ್ಚಳಕ್ಕೆ ಸೂಜಿಯಿಂದ ನಾಲ್ಕೈದು ತೂತು ಮಾತ್ರ ಮಾಡಿ ಮುಚ್ಚಿ, ಬೆಳಿಗ್ಗೆ ಸಂಜೆ ಒಂದೊಂದು ಬಾರಿ ಸ್ಪ್ರೇ ಬಾಟಲಿಯಿಂದ ಹನಿಸಿ, ಮನೆಯ ತಂಪು ಗೋಡೆಗೆ ತಾಗಿ ನೆಲದ ಮೇಲಿಡಿ. ಕೂಲರಿನ ಗಾಳಿ ನೇರ ಬೀಸುವ ಕಡೆ ಇಡಬೇಡಿ, ಮುಚ್ಚಳ ಇದ್ದರೂ ಒಣಗುತ್ತದೆ. ಮಾರ್ಚ್ ಕೊನೆಗೆ ಎರಡು ಡಬ್ಬಿ ಮೊಟ್ಟೆ, ಹದಿನೈದು ದಿನ ಬಿಟ್ಟು ಮತ್ತೆ ಎರಡು ಡಬ್ಬಿ, ಹೀಗೆ ಸಾಲು ಹಾಕಿಕೊಂಡರೆ ಜೂನಿನ ಮಳೆಗೆ ಹೊಸ ಹುಲ್ಲು ಬರುವವರೆಗೆ ಎರಡು ಮೂರು ಕಪ್ಪೆಗೆ ಹುಳದ ಕೊರತೆ ಆಗದು.